ಜೋಡಿ ಗೆರೆ

ಚಿರತೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ ಅಂದರೆ ಎದುರಿಗಿರುವವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಕಬಿನಿಯ ಕರಿಚಿರತೆ ನೋಡಿದ್ದೀರಾ?’ ನೋಡಿಲ್ಲ. ಎರಡು ಸಲ ಹೋಗಿದ್ದೆ. ಎರಡು ಸಲವೂ ಕಂಡದ್ದು ಆನೆಗಳು ಮತ್ತು ಮೊಳದುದ್ದದ ಲೆನ್ಸು ಹಿಡಿದ ಜನ. ಅದರ ಫೋಟೊ ಮಾತ್ರ ನಮ್ಮೂರಿನ ಸಲೂನಿನ ಗೋಡೆಯಲ್ಲೂ ಇದೆ, ಅಮ್ಮನಿಗೆ ಬರುವ ವಾಟ್ಸಾಪ್ ಶುಭೋದಯಗಳಲ್ಲೂ ಇದೆ. ನಿಜ ಹೇಳಬೇಕೆಂದರೆ ನನ್ನ ಕೆಲಸದಲ್ಲಿ ಚಿರತೆ ಕಾಣಿಸಿಕೊಳ್ಳುವುದೇ ಅಪರೂಪ. ನಾಲ್ಕು ವರ್ಷದಲ್ಲಿ ಕಣ್ಣಿಗೆ ಬಿದ್ದದ್ದು ಮೂರು ಸಲ, ಅದರಲ್ಲೊಂದು ಬರೀ ಬಾಲ. ನನಗೆ ಸಿಗುವುದು ಅವುಗಳ ಹಿಕ್ಕೆ.

ತುಮಕೂರು, ರಾಮನಗರದ ಕಡೆಯ ಬಂಡೆಗುಡ್ಡಗಳಲ್ಲಿ ಬೆಳಗಿನ ಜಾವ ಕಾಲುದಾರಿ ಹಿಡಿದು ನಡೆಯುತ್ತೇವೆ. ಬಿಸಿಲು ಏರಿದರೆ ಡಿಎನ್ಎ ಕೆಡುತ್ತದೆ, ಮಳೆ ಬಂದರೆ ತೊಳೆದು ಹೋಗುತ್ತದೆ. ಹಿಕ್ಕೆಯ ಹೊರಮೈಗೆ ಚಿರತೆಯ ಕರುಳಿನ ಜೀವಕೋಶಗಳು ಅಂಟಿರುತ್ತವೆ. ಒಳಗಿರುವುದು ತಿಂದ ನಾಯಿಯದೋ ಮೊಲದ್ದೋ ಕೂದಲು, ಮೂಳೆ. ಹೊರಪದರವನ್ನಷ್ಟೇ ಕೆರೆದು ಆಲ್ಕೋಹಾಲಿನ ಕೊಳವೆಗೆ ಹಾಕಿ, ಮೇಲೆ ಸಂಖ್ಯೆ ಬರೆದು, ಜಿಪಿಎಸ್ ಗುರುತು ಹಾಕಿಕೊಂಡರೆ ಆ ದಿನದ ಸಂಪಾದನೆ. ಒಮ್ಮೆ ದನ ಮೇಯಿಸುತ್ತಿದ್ದ ಯಜಮಾನರೊಬ್ಬರು ಬಹಳ ಹೊತ್ತು ನೋಡಿ, ‘ಇಷ್ಟು ಓದಿದ ಮೇಲೂ ಈ ಕೆಲಸವೇನಮ್ಮ?’ ಅಂದರು. ನನ್ನ ಬಳಿ ಉತ್ತರವಿತ್ತು, ಆದರೆ ಅದು ಆ ದಾರಿಯಲ್ಲಿ ನಿಂತು ಹೇಳುವಷ್ಟು ಚಿಕ್ಕದಾಗಿರಲಿಲ್ಲ. ಅದನ್ನು ಇಲ್ಲಿ ಹೇಳಿ ನೋಡುತ್ತೇನೆ.

ಕರಿಚಿರತೆ ಬೇರೆ ಜಾತಿಯ ಪ್ರಾಣಿಯಲ್ಲ. ಬಿಸಿಲು ಸರಿಯಾದ ಕೋನದಲ್ಲಿ ಬಿದ್ದರೆ ಕಪ್ಪಿನೊಳಗೆ ಆ ಹೂವಿನಂಥ ಚುಕ್ಕೆಗಳೂ ಕಾಣುತ್ತವೆ. ಸಸ್ತನಿಗಳ ಮೈಯಲ್ಲಿ ಅಗೂಟಿ ಎನ್ನುವ ಪ್ರೋಟೀನೊಂದಿದೆ. ಬಣ್ಣ ಮಾಡುವ ಜೀವಕೋಶಗಳಿಗೆ ‘ಇಲ್ಲಿ ಕಪ್ಪು ಸಾಕು, ಹಳದಿ ಮಾಡು’ ಎಂದು ಹೇಳುವುದು ಅದರ ಕೆಲಸ. ಕರಿಚಿರತೆಗಳಲ್ಲಿ ಈ ಪ್ರೋಟೀನಿನ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ ಎಂದು 2012ರಲ್ಲಿ ಪತ್ತೆಯಾಯಿತು. ಹೇಳುವವರಿಲ್ಲದೆ ಮೈಯೆಲ್ಲ ಕಪ್ಪಾಗುತ್ತದೆ. ಆದರೆ ಪ್ರತಿ ಪ್ರಾಣಿಗೂ ಒಂದೊಂದು ಜೀನಿಗೆ ಎರಡು ಪ್ರತಿ ಇರುತ್ತವಲ್ಲ, ತಾಯಿಯದೊಂದು ತಂದೆಯದೊಂದು. ಒಂದು ಕೆಟ್ಟರೂ ಇನ್ನೊಂದು ಸಂಭಾಳಿಸುತ್ತದೆ, ಚಿರತೆ ಎಂದಿನಂತೆ ಹಳದಿಯಾಗಿಯೇ ಇರುತ್ತದೆ. ಎರಡೂ ಕೆಟ್ಟಾಗ ಮಾತ್ರ ಕಪ್ಪು. ಇಂಥದ್ದಕ್ಕೆ ರಿಸೆಸಿವ್ ಎನ್ನುತ್ತಾರೆ. ಅಂದರೆ ಎರಡು ಹಳದಿ ಚಿರತೆಗಳಿಗೆ ಕಪ್ಪು ಮರಿ ಹುಟ್ಟಬಹುದು. ಕಪ್ಪನ್ನು ಒಳಗಿಟ್ಟುಕೊಂಡು ಹಳದಿಯಾಗಿ ತಿರುಗುವ ಚಿರತೆಗಳು ಕಾಡಿನಲ್ಲಿ ಎಷ್ಟಿವೆಯೋ ಕ್ಯಾಮೆರಾಗೆ ಗೊತ್ತಾಗುವುದಿಲ್ಲ, ಹಿಕ್ಕೆಗೆ ಗೊತ್ತಾಗುತ್ತದೆ.

ಲೋಕದ ಚಿರತೆಗಳಲ್ಲಿ ಸುಮಾರು ಹತ್ತಕ್ಕೊಂದು ಕಪ್ಪು. ಆದರೆ ಎಲ್ಲ ಕಡೆ ಒಂದೇ ಸಮವಲ್ಲ. ಮಲಯಾ ಪರ್ಯಾಯ ದ್ವೀಪದ ಮಳೆಕಾಡಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಪ್ಪು. ನಮ್ಮಲ್ಲೂ ಕಬಿನಿ, ಭದ್ರಾ, ಕಾಳಿಯಂಥ ತೇವದ ಕಾಡುಗಳಲ್ಲಿ ಕಾಣುತ್ತವೆ. ನಾನು ಓಡಾಡುವ ಒಣ ಗುಡ್ಡಗಳ ಚಿರತೆಗಳೆಲ್ಲ ಹುಲ್ಲಿನ ಬಣ್ಣದವು. ದಟ್ಟ ನೆರಳಿನಲ್ಲಿ ಕಪ್ಪು ಮೈ ಮರೆಮಾಚಲು ಅನುಕೂಲ ಎನ್ನುವುದು ಒಪ್ಪಬಹುದಾದ ವಿವರಣೆ. ಹಾಗೆಂದು ಪ್ರತಿ ಕಪ್ಪಿಗೂ ಒಂದು ಪ್ರಯೋಜನವಿರಲೇಬೇಕು ಅಂದುಕೊಂಡರೆ ಮುಂದೆ ದಾರಿ ತಪ್ಪುತ್ತದೆ.

ಇಂಥ ಒಂದು ಅಕ್ಷರವನ್ನು ಹುಡುಕುವುದು ಹೇಗೆ? ಚಿರತೆಯ ಜೀನೋಮಿನಲ್ಲಿ ಇರುವುದು ಸುಮಾರು 250 ಕೋಟಿ ಅಕ್ಷರ. ಮೆಂಡೆಲ್ ಬಟಾಣಿಯಲ್ಲಿ ಮಾಡಿದ್ದು, ಈಗಲೂ ಪ್ರಯೋಗಾಲಯದಲ್ಲಿ ಇಲಿಗಳಿಗೆ ಮಾಡುವುದು ಒಂದೇ ಉಪಾಯ: ಬೇಕಾದವರಿಗೆ ಬೇಕಾದವರನ್ನು ಕಟ್ಟು, ಮಕ್ಕಳು ಮೊಮ್ಮಕ್ಕಳನ್ನು ಎಣಿಸು, ಗುಣದ ಜೊತೆ ಯಾವ ತುಣುಕು ತಪ್ಪದೆ ಸಾಗಿ ಬಂತು ನೋಡು. ಕಾಡಿನಲ್ಲಿ ಯಾರು ಯಾರನ್ನು ಕೂಡುತ್ತಾರೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಯಾರು ಯಾರ ಮಗ ಎಂದು ಬರೆದಿಟ್ಟವರೂ ಇಲ್ಲ. ಪ್ರಾಣಿಗಳು ಸಾವಿರಗಟ್ಟಲೆ ಸಿಗುವುದಿಲ್ಲ. ಆದ್ದರಿಂದ ಕಾಡುಪ್ರಾಣಿಗಳ ಜೀನು ಹುಡುಕುವ ಕತೆಗಳೆಲ್ಲ ಒಂದು ರೀತಿಯಲ್ಲಿ ಸಾಲ ತಂದ ಸುಳಿವುಗಳ ಕತೆಗಳು.

ಇದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉದಾಹರಣೆ ಬೆಂಗಳೂರಿನಲ್ಲೇ, ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲಿ ನಡೆದದ್ದು. ಒಡಿಶಾದ ಮಯೂರಭಂಜ್ ಜಿಲ್ಲೆಯ ಸಿಮಿಲಿಪಾಲ್ ಕಾಡಿನಲ್ಲಿ ವಿಚಿತ್ರ ಹುಲಿಗಳಿವೆ. ಅವುಗಳ ಪಟ್ಟೆಗಳು ಅಗಲವಾಗಿ, ಒಂದಕ್ಕೊಂದು ಕೂಡಿಕೊಂಡು, ದೂರದಿಂದ ಹುಲಿ ಕಪ್ಪಗೆ ಕಾಣುತ್ತದೆ. ಯಾರೋ ಹಳದಿ ಮೈಮೇಲೆ ಮಸಿಯ ಕೈ ಎಳೆದ ಹಾಗೆ. ಅಲ್ಲಿನ ಹುಲಿಗಳಲ್ಲಿ ಸುಮಾರು 37% ಇಂಥವು. ಬೇರೆ ಯಾವ ಕಾಡಿನ ಕ್ಯಾಮೆರಾದಲ್ಲೂ ಇಂಥ ಒಂದು ಹುಲಿ ಸಿಕ್ಕಿಲ್ಲ. ಉಮಾ ರಾಮಕೃಷ್ಣನ್ ಅವರ ಪ್ರಯೋಗಾಲಯದಲ್ಲಿ ವಿನಯ್ ಸಾಗರ್ ಮತ್ತು ಸಂಗಡಿಗರು ಇದರ ಬೆನ್ನು ಹತ್ತಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು.

ಕಾಡಿನಲ್ಲಿ ವಂಶವೃಕ್ಷ ಇರಲಿಲ್ಲ. ಮೃಗಾಲಯದಲ್ಲಿತ್ತು. ಭುವನೇಶ್ವರದ ನಂದನಕಾನನದಂಥ ಕಡೆ ಯಾವ ಮರಿ ಯಾವ ಜೋಡಿಯದು ಎಂದು ದಾಖಲೆ ಇರುತ್ತದೆ, ಅಂಥ ಕುಟುಂಬಗಳಲ್ಲಿ ಕೂಡಿದ ಪಟ್ಟೆಯ ಮರಿಗಳೂ ಹುಟ್ಟಿದ್ದವು. ಆ ಕುಟುಂಬಗಳ ಪೂರ್ತಿ ಜೀನೋಮ್ ಓದಿ ನೋಡಿದಾಗ ಪಟ್ಟೆಯ ಜೊತೆ ತಪ್ಪದೆ ಸಾಗಿದ್ದು ಟ್ಯಾಕ್‌ಪೆಪ್ ಎಂಬ ಜೀನಿನ ಒಂದು ಬದಲಾವಣೆ. ಆ ಹೆಸರು ಹೊಸದಾಗಿರಲಿಲ್ಲ. ಮನೆಬೆಕ್ಕುಗಳಲ್ಲಿ ಕೆಲವಕ್ಕೆ ನೇರ ಪಟ್ಟೆಯ ಬದಲು ಸುಳಿಸುಳಿಯಾದ ದಪ್ಪ ಗುರುತುಗಳಿರುತ್ತವೆ, ಆಫ್ರಿಕಾದ ಕೆಲವು ಚೀತಾಗಳಿಗೆ ಚುಕ್ಕೆ ಕೂಡಿ ಗೆರೆಯಾಗಿರುತ್ತದೆ. ಎರಡಕ್ಕೂ ಇದೇ ಜೀನು ಕಾರಣ ಎಂದು ಅಮೆರಿಕದ ತಂಡವೊಂದು 2012ರಲ್ಲೇ ತೋರಿಸಿತ್ತು, ಅದಕ್ಕೆ ನೆರವಾದವರಲ್ಲಿ ಕ್ಯಾಲಿಫೋರ್ನಿಯಾದ ಬೀದಿಬೆಕ್ಕುಗಳೂ ಸೇರಿದ್ದವು. ಬೀದಿಬೆಕ್ಕಿನಿಂದ ಚೀತಾಗೆ, ಚೀತಾದಿಂದ ಮೃಗಾಲಯದ ಹುಲಿಗೆ, ಅಲ್ಲಿಂದ ಸಿಮಿಲಿಪಾಲದ ಕಾಡಿಗೆ. ನನ್ನಂಥವರಿಗೆ ಇದು ಪತ್ತೇದಾರಿ ಕಾದಂಬರಿ.

ಆಮೇಲೆ ಅವರು ಮಾಡಿದ ಕೆಲಸ ನನಗೆ ಇನ್ನೂ ಮುಖ್ಯ. ಸಿಮಿಲಿಪಾಲದ 12 ಹುಲಿಗಳನ್ನು, ಅವುಗಳನ್ನು ಮುಟ್ಟದೆ, ಬಿಟ್ಟುಹೋದ ಗುರುತುಗಳಿಂದಲೇ ಪರೀಕ್ಷಿಸಿದರು. ಬೇರೆ ಕಡೆಯ 395 ಹುಲಿಗಳನ್ನೂ ನೋಡಿದರು. ಆ 395ರಲ್ಲಿ ಒಂದರಲ್ಲೂ ಈ ಬದಲಾವಣೆ ಇರಲಿಲ್ಲ. ಸಿಮಿಲಿಪಾಲದಲ್ಲಿ ಮಾತ್ರ ನೂರು ಪ್ರತಿಗಳಲ್ಲಿ 58 ಅದೇ. ನನಗೆ ಈ 0.58 ಎಂಬ ಸಂಖ್ಯೆಯ ಮೇಲೆ ವಿಚಿತ್ರ ಪ್ರೀತಿ. ತಾಯಿಯಿಂದ ಈ ಪ್ರತಿ ಬರುವ ಸಂಭವ 0.58, ತಂದೆಯಿಂದಲೂ 0.58, ಗುಣಿಸಿದರೆ 0.34. ಮೂರಕ್ಕೊಂದು ಹುಲಿ ಕಪ್ಪಾಗಬೇಕು. ಕ್ಯಾಮೆರಾ ಹೇಳಿದ್ದು 37%. ಕೊಳವೆಯೊಳಗಿನ ಲೆಕ್ಕ, ಮರಕ್ಕೆ ಕಟ್ಟಿದ ಕ್ಯಾಮೆರಾದ ಲೆಕ್ಕ ಇಷ್ಟು ಹತ್ತಿರ ಬಂದು ನಿಲ್ಲುವುದು ನಮ್ಮ ಕಸುಬಿನಲ್ಲಿ ದಿನಾ ಆಗುವ ಮಾತಲ್ಲ.

ಹಾಗಾದರೆ ಆ ಕಾಡಿನಲ್ಲಿ ಕಪ್ಪು ಹುಲಿಗೆ ಏನೋ ಲಾಭವಿರಬೇಕು, ಅಲ್ಲವೇ? ಎಲ್ಲರಿಗೂ ಹೊಳೆಯುವುದು ಇದೇ. ಅವರ ಲೆಕ್ಕ ತೋರಿಸಿದ್ದು ಬೇರೆ. ಸಿಮಿಲಿಪಾಲದ ಹುಲಿಗಳು ಕೆಲವೇ ಕೆಲವು, ಹೊರಗಿನ ಹುಲಿಗಳು ಅಲ್ಲಿಗೆ ಬರುವುದು ತೀರ ಕಡಿಮೆ. ಹನ್ನೆರಡು ಮನೆಯ ಊರೊಂದರಲ್ಲಿ ಒಂದು ಮನೆಗೆ ಐದು ಗಂಡುಮಕ್ಕಳು ಹುಟ್ಟಿ ಎಲ್ಲರೂ ಅಲ್ಲೇ ಉಳಿದರೆ, ಎರಡು ತಲೆಮಾರಿನಲ್ಲಿ ಅರ್ಧ ಊರಿಗೆ ಆ ಮನೆತನದ ಹೆಸರು ಬರುತ್ತದೆ. ಆ ಹೆಸರಿನಲ್ಲಿ ಏನೂ ವಿಶೇಷವಿಲ್ಲ, ಊರು ಚಿಕ್ಕದು ಅಷ್ಟೆ. ಇದನ್ನು ಡ್ರಿಫ್ಟ್ ಎನ್ನುತ್ತೇವೆ, ತೇಲಿಹೋಗುವುದು. ಮೊದಲು ಬಂದು ನೆಲೆಸಿದ ಕೆಲವು ಹುಲಿಗಳಲ್ಲಿ ಒಂದರಲ್ಲಿ ಆ ಪ್ರತಿ ಇದ್ದಿರಬಹುದು, ಉಳಿದದ್ದನ್ನು ಒಂಟಿತನ ಮಾಡಿತು. ಅಂದರೆ ಆ ಮಸಿಯ ಪಟ್ಟೆಗಳಿಗೆ ಜೀನು ಅರ್ಧ ಕಾರಣ. ಉಳಿದರ್ಧ ಸಿಮಿಲಿಪಾಲದಿಂದ ಆಚೆಗೆ ದಾರಿಯಿಲ್ಲದಿರುವುದು. ಜೀನಿನ ನಕ್ಷೆ ಬರೆಯಲು ಹೊರಟವರ ಕೈಯಲ್ಲಿ ಕೊನೆಗೆ ಮೂಡಿದ್ದು ಯಾರಿಗೆ ಯಾರು ಸಿಗಲು ಸಾಧ್ಯವಿತ್ತು ಎನ್ನುವುದರ ನಕ್ಷೆ.

ಬಿಳಿ ಹುಲಿಗಳ ಕತೆ ಇದಕ್ಕಿಂತ ಕಠೋರ. 1951ರಲ್ಲಿ ರೇವಾದ ಮಹಾರಾಜರು ಹಿಡಿಸಿದ ಬಿಳಿ ಮರಿಯ ಹೆಸರು ಮೋಹನ. ಸಾಮಾನ್ಯ ಹೆಣ್ಣುಹುಲಿಯೊಂದಿಗೆ ಬಿಟ್ಟರೆ ಮರಿಗಳೆಲ್ಲ ಹಳದಿ. ಆಗ ಅವನ ಮಗಳು ರಾಧಾಳನ್ನೇ ಅವನಿಗೆ ಜೋಡಿ ಮಾಡಿದರು, 1958ರಲ್ಲಿ ಬಿಳಿ ಮರಿಗಳು ಹುಟ್ಟಿದವು. ಜಗತ್ತಿನ ಮೃಗಾಲಯಗಳ ಬಿಳಿ ಹುಲಿಗಳಲ್ಲಿ ಬಹುಪಾಲು ಆ ವಂಶದವು. ನಾವು ಟಿಕೆಟ್ ಕೊಂಡು ನೋಡುವ ಆ ಬಿಳುಪಿನ ಹಿಂದೆ ಮೆಳ್ಳೆಗಣ್ಣು, ಮರಿಗಳ ಸಾವು ಎಲ್ಲ ಇವೆ. ಒಂದು ಬಣ್ಣ ಬೇಕೆಂದು ಹಟ ಹಿಡಿದವರಿಗೆ ಬೇಡದ್ದೂ ಜೊತೆಗೇ ಬರುತ್ತದೆ.

ಈ ವಂಶವೃಕ್ಷಗಳನ್ನು ಕಾಗದದ ಮೇಲೆ ಬರೆಯಲು ಒಂದು ಪದ್ಧತಿಯಿದೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಜೋಡಿಯಾದರೆ ನಡುವೆ ಒಂದು ಅಡ್ಡಗೆರೆ. ಆ ಇಬ್ಬರೂ ರಕ್ತಸಂಬಂಧಿಗಳಾದರೆ ಜೋಡಿ ಗೆರೆ. ನಾವು ಹುಡುಕುತ್ತಿರುವ ಗುಣ ಯಾರಲ್ಲಿದೆಯೋ ಅವರ ಚೌಕಕ್ಕೋ ವೃತ್ತಕ್ಕೋ ಕಪ್ಪು ತುಂಬಬೇಕು. ಎಂಎಸ್ಸಿಯಲ್ಲಿ ಮೊದಲ ಸಲ ಇದನ್ನು ಕಲಿತ ದಿನ ಸಂಜೆ ಹಾಸ್ಟೆಲ್ಲಿನಲ್ಲಿ ಕೂತು ನಮ್ಮ ಮನೆಯದನ್ನು ಬರೆದೆ. ಇಡೀ ಹಾಳೆ ಜೋಡಿ ಗೆರೆ.

ನಮ್ಮದು ಅರಸೀಕೆರೆ ಕಡೆಯ ತೆಂಗಿನ ಊರು. ಅಜ್ಜಿಯನ್ನು ಅವರ ಸೋದರಮಾವನಿಗೆ ಕೊಟ್ಟಿದ್ದರು. ಅಮ್ಮನನ್ನು ಅಮ್ಮನ ಸೋದರಮಾವನಿಗೆ, ಅಂದರೆ ಅಜ್ಜಿಯ ತಮ್ಮನಿಗೆ. ಆ ತಮ್ಮನೇ ನನ್ನ ಅಪ್ಪ. ದೊಡ್ಡಮ್ಮನನ್ನು ಮಾತ್ರ ಹೊರಗೆ, ತಿಪಟೂರಿಗೆ ಕೊಟ್ಟರು, ಅದಕ್ಕೂ ಅಜ್ಜಿ ಮೂರು ವರ್ಷ ಮುಖ ಊದಿಸಿಕೊಂಡಿದ್ದರಂತೆ. ಜಮೀನು ಒಡೆಯಬಾರದು, ಹುಡುಗಿ ಗೊತ್ತಿಲ್ಲದ ಮನೆಯಲ್ಲಿ ಅಳಬಾರದು. ಈ ಎರಡು ಕಾರಣಗಳನ್ನು ನಾನು ಅಷ್ಟು ಸುಲಭವಾಗಿ ತಳ್ಳಿಹಾಕುವವಳಲ್ಲ. 1955ರ ಹಿಂದೂ ವಿವಾಹ ಕಾಯ್ದೆಯೂ ಸಂಪ್ರದಾಯವಿದ್ದವರಿಗೆ ದಾರಿ ಬಿಟ್ಟೇ ಇದೆ. ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಿಂದ ಹುಟ್ಟಿದವರ ಜೀನೋಮಿನಲ್ಲಿ ಸರಾಸರಿ ಎಂಟನೇ ಒಂದು ಭಾಗದಲ್ಲಿ, ತಾಯಿಯ ಪ್ರತಿಯೂ ತಂದೆಯ ಪ್ರತಿಯೂ ಒಬ್ಬರೇ ಪೂರ್ವಜರಿಂದ ಬಂದಿರುತ್ತವೆ. ಒಂದೇ ಪುಟದ ಎರಡು ಜೆರಾಕ್ಸ್. ಆ ಪುಟದಲ್ಲಿ ತಪ್ಪಿಲ್ಲದಿದ್ದರೆ ಏನೂ ಆಗುವುದಿಲ್ಲ. ನನ್ನಲ್ಲೂ ಅಂಥ ಪುಟಗಳು ಬೇಕಾದಷ್ಟಿವೆ, ಆರಾಮಾಗಿ ಗುಡ್ಡ ಹತ್ತುತ್ತಿದ್ದೇನೆ.

ಚಿಕ್ಕಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅಜ್ಜಿಯ ಪ್ರಕಾರ ಇದು ಗ್ರಹಣದ ದಿನ ಹೊರಗೆ ಬಂದದ್ದರಿಂದ. ಅಮ್ಮನ ಪ್ರಕಾರ ಕೂಸಿದ್ದಾಗ ಬಂದ ಜ್ವರದಿಂದ. ಚಿಕ್ಕಮ್ಮ ಹೊಲಿಗೆ ಕಲಿತು, ಈಗ ಸುತ್ತಲಿನ ನಾಲ್ಕು ಊರಿನ ರವಿಕೆಗಳು ಅವಳ ಕೈಯಲ್ಲೇ ಆಗುತ್ತವೆ. ಮದುವೆಯಾಗಲಿಲ್ಲ. ಮನೆಯಲ್ಲಿ ಎಲ್ಲರಿಗೂ ಅವಳ ಸನ್ನೆ ಬರುತ್ತದೆ, ಸ್ಕೂಲಲ್ಲಿ ಯಾರೂ ಕಲಿಸಿದ್ದಲ್ಲ, ಮನೆಯಲ್ಲೇ ಹುಟ್ಟಿಕೊಂಡದ್ದು.

ಕಳೆದ ಚಳಿಗಾಲದಲ್ಲಿ ತಿಪಟೂರಿನ ತಂಗಿ, ಅಂದರೆ ದೊಡ್ಡಮ್ಮನ ಮಗಳು, ಫೋನ್ ಮಾಡಿದಳು. ಅವಳಿಗೆ 23. ಮನೆಯಲ್ಲಿ ಮಾವನಿಗೆ, ಅಮ್ಮನ ಕೊನೆಯ ತಮ್ಮನಿಗೆ, ಅವಳನ್ನು ತರುವ ಮಾತು ಶುರುವಾಗಿತ್ತು. (ಈ ಮಾವ ಮೊದಲು ನನ್ನ ಪಾಲಿಗಿದ್ದವನು. ನಾನು ಪಿಎಚ್‌ಡಿ ಅಂತ ಹಿಕ್ಕೆ ಹಿಂದೆ ಹೋದ ಮೇಲೆ ಅಜ್ಜಿ ಪಟ್ಟಿಯ ಮುಂದಿನ ಹೆಸರಿಗೆ ಬಂದರು. ಮಾವ ಒಳ್ಳೆಯವನೇ.) ಅವಳಿಗೆ ಒಲ್ಲೆ ಅಂತಿಲ್ಲ. ಕೇಳಿದ್ದು ಒಂದೇ: ‘ಅಕ್ಕ, ನೀನು ಇದನ್ನೇ ಓದೋದಲ್ವಾ. ಹುಟ್ಟೋ ಮಗು ಚಿಕ್ಕಮ್ಮನ ಥರ ಆಗುತ್ತಾ?’

ಹುಲಿಯ ಬಗ್ಗೆ ಯಾರಾದರೂ ಇದೇ ಪ್ರಶ್ನೆ ಕೇಳಿದ್ದರೆ ಬೋರ್ಡಿನ ಮೇಲೆ ಬರೆದು ತೋರಿಸಿಬಿಡುತ್ತಿದ್ದೆ. ಇದಕ್ಕೂ ಲೆಕ್ಕ ಇದೆ. ಚಿಕ್ಕಮ್ಮನದು ರಿಸೆಸಿವ್ ಗುಣ ಎಂದಿಟ್ಟುಕೊಂಡರೆ, ಕಿವಿ ಕೇಳುವ ಮಾವ ಒಂದು ಕೆಟ್ಟ ಪ್ರತಿ ಹೊತ್ತಿರುವ ಸಂಭವ ಮೂರರಲ್ಲಿ ಎರಡು. ದೊಡ್ಡಮ್ಮನದೂ ಅಷ್ಟೆ, ಅವಳ ಮಗಳಿಗೆ ಅದರ ಅರ್ಧ, ಮೂರರಲ್ಲೊಂದು. ಇಬ್ಬರಲ್ಲೂ ಇದ್ದರೆ ಮಗುವಿಗೆ ಎರಡೂ ಸಿಗುವ ಸಂಭವ ನಾಲ್ಕರಲ್ಲೊಂದು. ಮೂರನ್ನೂ ಗುಣಿಸಿದರೆ 18ರಲ್ಲಿ ಒಂದು. ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಜಾಸ್ತೀನಾ ಕಮ್ಮೀನಾ?’ ಅಂದಳು. ಇಂಥ ಪ್ರಶ್ನೆಯನ್ನು ಯಾವ ಸೆಮಿನಾರಿನಲ್ಲೂ ನನಗೆ ಯಾರೂ ಕೇಳಿಲ್ಲ.

ನಮ್ಮಂಥ ಕುಟುಂಬಗಳಿಗೆ ಜೀನ್ ಹುಡುಕುವವರ ಲೋಕದಲ್ಲಿ ದೊಡ್ಡ ಬೆಲೆ. 1987ರಲ್ಲಿ ಎರಿಕ್ ಲ್ಯಾಂಡರ್ ಮತ್ತು ಡೇವಿಡ್ ಬಾಟ್‌ಸ್ಟೀನ್ ಒಂದು ಉಪಾಯ ಹೇಳಿದರು: ಅಪರೂಪದ ರಿಸೆಸಿವ್ ಕಾಯಿಲೆಯ ಜೀನು ಬೇಕಾದರೆ ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟಿದ ಮಕ್ಕಳನ್ನು ನೋಡಿ, ಎರಡೂ ಪ್ರತಿ ಒಂದೇ ಆಗಿರುವ ಉದ್ದನೆಯ ಪಟ್ಟಿಗಳನ್ನು ಹುಡುಕಿ, ಜೀನು ಅದರೊಳಗೇ ಕೂತಿರುತ್ತದೆ. ಕೆಲವೇ ಮಕ್ಕಳು ಸಾಕು. ಕಿವುಡಿನ ಎಷ್ಟೋ ಜೀನುಗಳು ಹೀಗೆ ಜೋಡಿ ಗೆರೆಯ ಮನೆಗಳಿಂದಲೇ ಸಿಕ್ಕಿವೆ. ಇಂಥವೇ ಉದ್ದನೆಯ ಪಟ್ಟಿಗಳನ್ನು ನಾವೀಗ ಕಾಡುಪ್ರಾಣಿಗಳಲ್ಲೂ ಅಳೆಯುತ್ತೇವೆ. ರಣಥಂಭೋರದಂಥ ಒಂಟಿ ಕಾಡಿನ ಹುಲಿಗಳಲ್ಲಿ ಅವು ಉದ್ದುದ್ದ ಇವೆ. ಅಲ್ಲಿ ಇನ್ನೊಂದು ಸೂಕ್ಷ್ಮವೂ ಕಂಡಿದೆ: ದೊಡ್ಡ, ಬೆಸೆದುಕೊಂಡ ಕಾಡುಗಳ ಹುಲಿಗಳಲ್ಲಿ ಕೆಟ್ಟ ಪ್ರತಿಗಳ ಒಟ್ಟು ಸಂಖ್ಯೆ ಹೆಚ್ಚೇ ಇರುತ್ತದೆ, ಆದರೆ ಒಂಟಿಯಾಗಿ, ಮರೆಯಲ್ಲಿ. ಚಿಕ್ಕ ಕಾಡಿನ ಹುಲಿಗಳಲ್ಲಿ ಕೆಲವು ಕೆಟ್ಟವು ತೊಳೆದು ಹೋಗಿ, ಉಳಿದವು ಜೋಡಿಯಾಗಿ ಹೊರಗೆ ಬರುತ್ತವೆ. ‘ಒಳಗೊಳಗೇ ಮದುವೆಯಾದರೆ ಕೆಟ್ಟದ್ದು ಬರುತ್ತೆ’ ಎನ್ನುವಾಗ ಜನ ಅದು ಎಲ್ಲಿಂದಲೋ ಹೊಸದಾಗಿ ಬರುತ್ತದೆ ಅಂದುಕೊಳ್ಳುತ್ತಾರೆ. ಹೊಸದೇನೂ ಅಲ್ಲ, ಎಲ್ಲರ ಮನೆಯಲ್ಲೂ ಇದ್ದದ್ದೇ.

ವಂಶವೃಕ್ಷವನ್ನು ಕಾಡಿನಲ್ಲೇ ಬರೆದವರೂ ಇದ್ದಾರೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಸಮುದ್ರದ ನಡುವೆ ಸೇಂಟ್ ಕಿಲ್ಡಾ ದ್ವೀಪಗಳಿವೆ. 1930ರಲ್ಲಿ ಕೊನೆಯ ಜನ ಅಲ್ಲಿಂದ ಹೊರಟುಹೋದರು. ಎರಡು ವರ್ಷದ ನಂತರ ಪಕ್ಕದ ಸೋಯ್ ದ್ವೀಪದ 107 ಕುರಿಗಳನ್ನು ತಂದು ದೊಡ್ಡ ದ್ವೀಪ ಹಿರ್ತಾದಲ್ಲಿ ಬಿಟ್ಟರು. ಆಮೇಲೆ ಅವುಗಳನ್ನು ಸಾಕಿದವರಿಲ್ಲ, ಕಾದವರಿಲ್ಲ. 1985ರಿಂದ ಸಂಶೋಧಕರು ಮರಿ ಹುಟ್ಟಿದ ಕೂಡಲೇ ಕಿವಿಗೆ ಸಂಖ್ಯೆ ಹಾಕಿ, ಸಾಯುವವರೆಗೂ ಬಿಡದೆ ದಾಖಲಿಸುತ್ತಿದ್ದಾರೆ. ಅಪ್ಪ ಯಾರೆಂದು ಡಿಎನ್ಎ ಹೇಳುತ್ತದೆ. ಅಲ್ಲಿನ ಟಗರುಗಳಲ್ಲಿ ಕೆಲವಕ್ಕೆ ಸುರುಳಿ ಸುತ್ತಿದ ದೊಡ್ಡ ಕೊಂಬು, ಕೆಲವಕ್ಕೆ ಮೊಂಡು ತುಂಡು. ದೊಡ್ಡ ಕೊಂಬಿನವು ಗುದ್ದಾಡಿ ಹೆಣ್ಣುಗಳನ್ನು ಗೆಲ್ಲುತ್ತವೆ. ಹಾಗಿದ್ದರೆ ಮೊಂಡು ಕೊಂಬು ಇಷ್ಟರಲ್ಲಿ ಮಾಯವಾಗಬೇಕಿತ್ತಲ್ಲ? ವ್ಯತ್ಯಾಸದ ಬಹುಪಾಲು ಆರ್‌ಎಕ್ಸ್‌ಎಫ್‌ಪಿ2 ಎಂಬ ಒಂದೇ ಜೀನಿನ ಜಾಗದಲ್ಲಿದೆ. 2013ರಲ್ಲಿ ಸೂಸನ್ ಜಾನ್‌ಸ್ಟನ್ ಮತ್ತು ಸಂಗಡಿಗರು ಅಷ್ಟು ವರ್ಷಗಳ ಹುಟ್ಟುಸಾವಿನ ಪುಸ್ತಕವನ್ನು ಅದರ ಪಕ್ಕ ಇಟ್ಟು ನೋಡಿದರು. ದೊಡ್ಡ ಕೊಂಬಿನ ಪ್ರತಿ ಎರಡಿದ್ದವು ಹೆಚ್ಚು ಮರಿ ಹುಟ್ಟಿಸುತ್ತವೆ. ಸಣ್ಣ ಕೊಂಬಿನ ಪ್ರತಿ ಎರಡಿದ್ದವು ಹೆಚ್ಚು ಚಳಿಗಾಲಗಳನ್ನು ದಾಟುತ್ತವೆ. ಒಂದೊಂದು ಇದ್ದವಕ್ಕೆ ಕೊಂಬೂ ದೊಡ್ಡದು, ಆಯುಸ್ಸೂ ಸಿಗುತ್ತದೆ. ಅವು ಇರುವವರೆಗೆ ಎರಡೂ ಪ್ರತಿಗಳು ದ್ವೀಪದಲ್ಲಿ ಉಳಿಯುತ್ತವೆ.

ಈ ಕೆಲಸ ಓದಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಕಿವಿಗೆ ಸಂಖ್ಯೆ ಹಾಕಿಸಿಕೊಳ್ಳುವ ಚಿರತೆ ನಮಗೆಲ್ಲಿಂದ ಬರಬೇಕು? ನಮ್ಮ ಅಜ್ಜಿಯಂಥವರೊಬ್ಬರು ಚಿರತೆಗಳಲ್ಲಿದ್ದು, ಜಗಲಿಯ ಮೇಲೆ ಕೂತು ‘ಅವಳು ದೇವರಾಯನದುರ್ಗದವಳ ಎರಡನೇ ಸೂಲು’ ಎಂದು ಹೇಳುವಂತಿದ್ದರೆ ನನ್ನ ಥೀಸಿಸ್ ಹೋದ ವರ್ಷವೇ ಮುಗಿಯುತ್ತಿತ್ತು.

ಕೊಂಬು, ಬಣ್ಣ, ಪಟ್ಟೆ ಇವೆಲ್ಲ ಸಲೀಸಾದವು. ಕಾಡಿನಲ್ಲಿ ಬದುಕಲು ಬೇಕಾದ ಬಹುಪಾಲು ಗುಣಗಳು ಹಾಗಿಲ್ಲ. ಮೈಯ ಗಾತ್ರ, ರೋಗ ತಡೆಯುವ ಶಕ್ತಿ, ಎಷ್ಟು ಮರಿ, ಎಷ್ಟು ವರ್ಷ. ಮನುಷ್ಯರ ಎತ್ತರವನ್ನೇ ನೋಡಿ. 2022ರಲ್ಲಿ ಸುಮಾರು 54 ಲಕ್ಷ ಜನರ ಡಿಎನ್ಎ ಸೇರಿಸಿ ನೋಡಿದಾಗ ಸಿಕ್ಕಿದ್ದು 12,111 ಜಾಗಗಳು, ಒಂದೊಂದೂ ಕೂದಲೆಳೆಯಷ್ಟು ಏರಿಳಿಸುವಂಥವು. ನನ್ನ ಫ್ರೀಜರಿನಲ್ಲಿರುವ ಕೊಳವೆಗಳಿಂದ ಚಿರತೆಯ ಗಾತ್ರದ ಜೀನು ಹುಡುಕುತ್ತೇನೆಂದು ಹೊರಟರೆ ಅದು ಜಾತ್ರೆಯಲ್ಲಿ ಗಿಣಿಶಾಸ್ತ್ರ ಕೇಳಿದ ಹಾಗೆ. ಇನ್ನೂ ಒಂದು ಅಪಾಯವಿದೆ. ಪ್ರಾಣಿಗಳು ಕಡಿಮೆ ಇದ್ದಾಗ ತೀರ ದೊಡ್ಡದಾಗಿ ಕಂಡ ಪರಿಣಾಮ ಮಾತ್ರ ಜರಡಿಯಲ್ಲಿ ಉಳಿಯುತ್ತದೆ, ಹಾಗೆ ಉಳಿದದ್ದು ನಿಜಕ್ಕಿಂತ ಉಬ್ಬಿಯೇ ಇರುತ್ತದೆ. ಇದಕ್ಕೆ ಬೀವಿಸ್ ಪರಿಣಾಮ ಎಂದು ಹೆಸರಿದೆ. ಚಿಕ್ಕ ಮಾದರಿಯಲ್ಲಿ ದೊಡ್ಡ ಜೀನು ಸಿಕ್ಕಿತು ಎಂಬ ಸುದ್ದಿ ಓದಿದರೆ ನಾನು ಮೊದಲು ಪ್ರಾಣಿಗಳ ಸಂಖ್ಯೆ ನೋಡುತ್ತೇನೆ. ಸಿಮಿಲಿಪಾಲದ 12 ನಂಬಿಕೆಗೆ ಅರ್ಹವಾದದ್ದು ಅದರ ಹಿಂದೆ ಮೃಗಾಲಯದ ಕುಟುಂಬ, ಬೆಕ್ಕು, ಚೀತಾ, 395 ಹುಲಿಗಳು ಸಾಲಾಗಿ ನಿಂತದ್ದರಿಂದ.

ಆ ಕಾಡಿಗೆ ಈಗ ಹೊರಗಿನಿಂದ ಹೆಣ್ಣು ತರುತ್ತಿದ್ದಾರೆ. 2024ರ ಕೊನೆಯಲ್ಲಿ ಮಹಾರಾಷ್ಟ್ರದ ತಡೋಬಾದಿಂದ ಜಮುನಾ, ಜೀನತ್ ಎಂಬ ಎರಡು ಹುಲಿಗಳನ್ನು ಸಿಮಿಲಿಪಾಲಕ್ಕೆ ತಂದು ಬಿಟ್ಟರು. ರಕ್ತ ಬದಲಾಗಲಿ ಎಂದು. ಜೀನತ್ ನಿಲ್ಲಲಿಲ್ಲ. ಜಾರ್ಖಂಡ್ ದಾಟಿ ಪಶ್ಚಿಮ ಬಂಗಾಳಕ್ಕೆ ನಡೆದಳು, ಡಿಸೆಂಬರ್ ಕೊನೆಗೆ ಬಾಂಕುರಾದಲ್ಲಿ ಅರಿವಳಿಕೆ ಕೊಟ್ಟು ಹಿಡಿದು ವಾಪಸು ತರಬೇಕಾಯಿತು. ದಾರಿಯೇ ಇಲ್ಲ ಅಂದುಕೊಂಡಿದ್ದ ಕಡೆಯಿಂದ ಒಂದು ಹುಲಿ ಅಷ್ಟು ದೂರ ಹೋಯಿತು ಎನ್ನುವುದು ಒಂದು ಕಡೆ ಖುಷಿ. ಅದೇ ವರ್ಷದ ಜನವರಿಯಲ್ಲಿ ಒಡಿಶಾ ಸರ್ಕಾರ ಇದೇ ಪ್ರದೇಶದಲ್ಲಿ ಕಪ್ಪು ಹುಲಿಗಳ ಸಫಾರಿ ಮಾಡುವುದಾಗಿಯೂ ಘೋಷಿಸಿತ್ತು. ಒಂದು ಕೈಯಲ್ಲಿ ಕಪ್ಪನ್ನು ತಿಳಿಯಾಗಿಸುವ ಹುಲಿ, ಇನ್ನೊಂದು ಕೈಯಲ್ಲಿ ಕಪ್ಪಿಗೆ ಟಿಕೆಟ್. ಮೋಹನನ ನೆನಪಾಗದೆ ಇರಲಿಲ್ಲ. ಜೀನತ್‌ಳ ಸುದ್ದಿಯನ್ನು ಅಜ್ಜಿಗೆ ಹೇಳಿದಾಗ, ‘ಹೊರಗಿಂದ ತಂದ ಹೆಣ್ಣು, ತವರು ಹುಡುಕ್ಕೊಂಡು ಹೋಗ್ದೆ ಏನ್ಮಾಡ್ತಾಳೆ’ ಅಂದರು. ವಾದ ಮಾಡಲಿಲ್ಲ.

ತಂಗಿಗೆ ನಾನು ಹೇಳಿದ್ದು ಇಷ್ಟು: ನಾನು ಪ್ರಾಣಿಗಳವಳು, ಮನುಷ್ಯರಿಗೆ ಇದನ್ನು ಹೇಳಲು ಜೆನೆಟಿಕ್ ಕೌನ್ಸೆಲರ್ ಅಂತ ಇರುತ್ತಾರೆ, ಬೆಂಗಳೂರಿಗೆ ಬಾ, ಕರೆದುಕೊಂಡು ಹೋಗುತ್ತೇನೆ. ಕಿವುಡಿಗೆ ಕಾರಣವಾಗುವ ಜೀನುಗಳು ನೂರಕ್ಕೂ ಮಿಕ್ಕಿ ಇವೆ. ಮೊದಲು ನೋಡುವುದು ಸಾಮಾನ್ಯವಾಗಿ ಕನೆಕ್ಸಿನ್ 26ರ ಜೀನನ್ನು. ನಿನ್ನನ್ನೂ ಮಾವನನ್ನೂ ಸುಮ್ಮನೆ ಪರೀಕ್ಷಿಸುವುದಕ್ಕಿಂತ ಮೊದಲು ಚಿಕ್ಕಮ್ಮನಲ್ಲಿ ಏನಿದೆ ಎಂದು ತಿಳಿಯಬೇಕು. ಅವಳಲ್ಲಿ ಸಿಕ್ಕರೆ ನಿಮ್ಮಿಬ್ಬರಲ್ಲಿ ಆ ಒಂದು ಜಾಗ ನೋಡಿದರೆ ಸಾಕು, 18ರಲ್ಲಿ ಒಂದು ಎನ್ನುವುದು ಸೊನ್ನೆಗೆ ಹತ್ತಿರವೋ, ನಾಲ್ಕರಲ್ಲಿ ಒಂದೋ ಆಗುತ್ತದೆ. ಅಂದರೆ ಚಿಕ್ಕಮ್ಮ ರಕ್ತ ಕೊಡಬೇಕು. ಅದನ್ನು ಅವಳಿಗೆ ಕೇಳಬೇಕು. ಯಾಕೆಂದು ಹೇಳಬೇಕು. ನಿಮ್ಮ ಮಗು ನಿನ್ನಂತೆ ಆಗದಿರಲಿ ಎಂದು ಇದನ್ನು ಮಾಡುತ್ತಿದ್ದೇವೆ ಎನ್ನುವುದನ್ನು ಅವಳಿಗೇ ಸನ್ನೆ ಮಾಡಿ ಹೇಳುವುದು ಹೇಗೆ? ಫೋನಿನ ಆ ಕಡೆ ತಂಗಿಯೂ ಅದನ್ನೇ ಯೋಚಿಸುತ್ತಿದ್ದಳು ಅನಿಸುತ್ತದೆ. ‘ನೀನೇ ಕೇಳು’ ಎಂದು ಇಟ್ಟಳು.

ಯುಗಾದಿಗೆ ಊರಿಗೆ ಹೋದೆ. ಕೌನ್ಸೆಲರ್ ವಂಶವೃಕ್ಷ ತರಲು ಹೇಳಿದ್ದರು. ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಹಾಕಿಕೊಂಡು ಜಗಲಿಯ ಮೇಲೆ ಕೂತೆ. ಅಜ್ಜಿ ಅಡಿಕೆ ಕತ್ತರಿಸುತ್ತ ಹೇಳುತ್ತಾ ಹೋದರು, ಐದು ತಲೆಮಾರು, ಎಲ್ಲೂ ತಡವರಿಸಲಿಲ್ಲ. ಸತ್ತ ಕೂಸುಗಳನ್ನೂ ಹೆಸರಿಡದವುಗಳನ್ನೂ ಬಿಡಲಿಲ್ಲ. ಚೌಕ, ವೃತ್ತ, ಜೋಡಿ ಗೆರೆ. ಚಿಕ್ಕಮ್ಮನ ವೃತ್ತಕ್ಕೆ ಪದ್ಧತಿಯಂತೆ ಪೆನ್ನಿನಿಂದ ಕಪ್ಪು ತುಂಬಿದೆ. ತಂಗಿ ಮತ್ತು ಮಾವನ ನಡುವೆ ಚುಕ್ಕೆ ಚುಕ್ಕೆಯಾಗಿ ಎರಡು ಗೆರೆ ಎಳೆದು, ಕೆಳಗೆ ಇನ್ನೂ ಹುಟ್ಟದ ಮಗುವಿಗೆ ಹಾಕುವ ವಜ್ರಾಕೃತಿ ಬರೆದೆ, ಒಳಗೆ ಪ್ರಶ್ನೆಚಿಹ್ನೆ.

ರವಿಕೆಗೆ ಹುಕ್ಕು ಹಾಕುತ್ತಿದ್ದ ಚಿಕ್ಕಮ್ಮ ಎದ್ದು ಬಂದು ಬಗ್ಗಿ ನೋಡಿದಳು. ಅವಳ ಭಾಷೆಯಲ್ಲಿ ಎಲ್ಲರಿಗೂ ಒಂದೊಂದು ಸನ್ನೆಯ ಹೆಸರಿದೆ. ಅಜ್ಜಿಗೆ ಮೂಗುಬೊಟ್ಟು, ಅಮ್ಮನಿಗೆ ತುರುಬು, ಮಾವನಿಗೆ ಮೀಸೆ, ನನಗೆ ಕನ್ನಡಕ. ನಾನು ಒಂದೊಂದೇ ಆಕಾರ ಮುಟ್ಟಿದ ಹಾಗೆ ಅವಳು ಹೆಸರು ಹೇಳುತ್ತ ಬಂದಳು. ಕಪ್ಪು ವೃತ್ತದ ಹತ್ತಿರ ನಿಂತಳು. ಅವಳ ಹೆಸರು ಸೂಜಿ. ಹೆಬ್ಬೆರಳು ತೋರುಬೆರಳು ಸೇರಿಸಿ ಚುಚ್ಚುವ ಹಾಗೆ ಮಾಡಿ, ನಾನಾ, ಅಂದಳು. ಹೌದು ಅಂದೆ. ಕಪ್ಪು ಯಾಕೆ ಎಂದು ಕೇಳಿದಳು. ಕಿವಿ ಮುಟ್ಟಿ ತೋರಿಸಿದೆ. ಬೇಸರವೇನೂ ಆದಂತೆ ಕಾಣಲಿಲ್ಲ, ಹಾಳೆಯ ಮೇಲೆ ಇನ್ನು ಯಾರಾದರೂ ಕಪ್ಪಗಿದ್ದಾರಾ ಎಂದು ಮಾತ್ರ ನಿಧಾನವಾಗಿ ಹುಡುಕಿದಳು. ಯಾರೂ ಇರಲಿಲ್ಲ. ಕೆಳಗಿನ ವಜ್ರದ ಮೇಲೆ ಬೆರಳಿಟ್ಟಳು. ತಂಗಿಯ ಸನ್ನೆ, ಮೀಸೆ, ಹೊಟ್ಟೆ ತೋರಿಸಿದೆ. ರಕ್ತ, ಸೂಜಿ, ಬೆಂಗಳೂರು, ಬಸ್ಸು ಎಲ್ಲ ಒಂದಾದ ಮೇಲೊಂದು ತೋರಿಸಿದೆ. ಇನ್ನೂ ಗೊತ್ತಿಲ್ಲ, ಹುಡುಕಬೇಕು, ಅಂದೆ.

ಅವಳು ಸ್ವಲ್ಪ ಹೊತ್ತು ಆ ಪ್ರಶ್ನೆಚಿಹ್ನೆ ನೋಡಿದಳು. ಆಮೇಲೆ ವಜ್ರವನ್ನು ಮುಟ್ಟಿ, ತನ್ನ ಎದೆ ಮುಟ್ಟಿಕೊಂಡು, ಸೂಜಿಯ ಸನ್ನೆ ಮಾಡಿ, ನನ್ನ ಹತ್ತಿರ ಕಳಿಸಿ, ಹೊಲಿಗೆ ಹೇಳಿಕೊಡ್ತೀನಿ ಅಂದಳು. ಅಜ್ಜಿ ಕತ್ತರಿ ನಿಲ್ಲಿಸಿ ಒಳಗೆ ಹೋದರು.

ಮುಂದಿನ ವಾರ ತಂಗಿಯ ಜೊತೆ ಬಂದು ರಕ್ತ ಕೊಟ್ಟು ಹೋದಳು. ವರದಿ ಬರಲು ಇನ್ನೂ ಸಮಯವಿದೆ. ಹಿಂತಿರುಗುವಾಗ ಬಸ್ಸಿನಲ್ಲಿ ಅರಸೀಕೆರೆ ಬರುವವರೆಗೂ ತಂಗಿಯ ಕೈಗೆ ಸೂಜಿ ಕೊಟ್ಟು ಹುಕ್ಕು ಹಾಕಿಸಿದಳಂತೆ. ಮೂರು ಸರಿಯಾಗಿ ಬಂದವು, ಉಳಿದದ್ದನ್ನೆಲ್ಲ ಬಿಚ್ಚಿಸಿದಳಂತೆ.